ಪೊಲೀಸರ ಮೇಲಿನ ತನಿಖೆಗೆ ಒಂದು ವರ್ಷ: ಯಾವತ್ತಿನಿಂದ ಲೆಕ್ಕ?

ಪೊಲೀಸರ ಮೇಲೆ ದೂರು ಬಂದರೆ ತನಿಖೆಗೆ ‘ಗಡುವು ಒಂದು ವರ್ಷ’ ಅಂತ ಸುಮ್ನೆ ಬಾಯಿಪಾಠ ಮಾಡಿದರೆ ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದ ತಕ್ಷಣ ಸಿಕ್ಕಿಬೀಳುತ್ತೀರಿ. ಆ ವರ್ಷ ಯಾವತ್ತು ಶುರುವಾಗುತ್ತದೆ, ಮುಗಿದರೆ ಯಾರಿಗೆ ನಷ್ಟ, ಇದನ್ನು ನೋಡಿ.

ಮೊದಲು ಕ್ಯಾಲಿಫೋರ್ನಿಯಾ. ಪೊಲೀಸರ ಹಕ್ಕುಗಳಿಗೆಂದೇ ಅಲ್ಲಿ 1976ರಲ್ಲಿ ಒಂದು ಕಾನೂನು ಪಾಸಾಯಿತು. ಒಂದು ವರ್ಷದ ಗಡುವು ಆಮೇಲೆ ಸೇರಿದ್ದು, ಆ ರಾಜ್ಯದ ಗವರ್ನಮೆಂಟ್ ಕೋಡ್ (ಸರ್ಕಾರಿ ಆಡಳಿತದ ಕಾನೂನು ಸಂಹಿತೆ) ಸೆಕ್ಷನ್ 3304(ಡಿ)ಯಲ್ಲಿದೆ. ತನಿಖೆ ಶುರು ಮಾಡುವ ಅಧಿಕಾರ ಇರುವವರಿಗೆ ತಪ್ಪು ಗೊತ್ತಾದ ದಿನದಿಂದ ಲೆಕ್ಕ. ತಪ್ಪು ಮಾಡಿದವರ ಜೊತೆ ಗಸ್ತು ತಿರುಗುವ ಪೇದೆಗೆ ಗೊತ್ತಿದ್ದರೆ ಸಾಲದು. ವರ್ಷದೊಳಗೆ ಇಲಾಖೆ ತನಿಖೆ ಮುಗಿಸಿ, ಇಂಥ ಶಿಕ್ಷೆ ಕೊಡಬೇಕೆಂದಿದ್ದೇವೆ ಅಂತ ಆ ಪೊಲೀಸರಿಗೆ ತಿಳಿಸಬೇಕು. ಇಲ್ಲದಿದ್ದರೆ ಆ ಆರೋಪಕ್ಕೆ ಇಲಾಖೆ ಶಿಕ್ಷೆ ಕೊಡುವಂತಿಲ್ಲ.

ವಿನಾಯಿತಿಗಳೂ ಇವೆ. ಅದೇ ವಿಷಯದ ಮೇಲೆ ಕ್ರಿಮಿನಲ್ ತನಿಖೆ ಅಥವಾ ಕೇಸು ನಡೆಯುತ್ತಿದ್ದರೆ ಅಷ್ಟು ಕಾಲ ಲೆಕ್ಕಕ್ಕಿಲ್ಲ. ಆರೋಪ ಹೊತ್ತ ಪೊಲೀಸರೇ ಬರೆದುಕೊಟ್ಟು ಗಡುವು ಬಿಟ್ಟುಕೊಡಬಹುದು. ಹಲವು ಸಿಬ್ಬಂದಿ ಸೇರಿರುವ ಪ್ರಕರಣಕ್ಕೆ ಸ್ವಲ್ಪ ಜಾಸ್ತಿ ಸಮಯ ಸಿಗುತ್ತದೆ.

ಈಗ ನಮ್ಮ ಕಡೆ ಬನ್ನಿ. ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ 1993ರ ಸೆಕ್ಷನ್ 36(2)ರಲ್ಲೂ ಒಂದು ವರ್ಷವೇ, ಆದರೆ ಲೆಕ್ಕ ಘಟನೆ ನಡೆದ ದಿನದಿಂದ. ಆ ವರ್ಷ ಕಳೆದ ಮೇಲೆ ಮಾನವ ಹಕ್ಕುಗಳ ಆಯೋಗ ಆ ವಿಷಯದ ವಿಚಾರಣೆ ಮಾಡುವಂತಿಲ್ಲ. ರಾಷ್ಟ್ರೀಯ ಆಯೋಗಕ್ಕೂ ನಮ್ಮ ಕರ್ನಾಟಕದ ಆಯೋಗಕ್ಕೂ ಇದೇ ನಿಯಮ. ಉದಾಹರಣೆಗೆ, 2022ರ ಜನವರಿಯಲ್ಲಿ ಠಾಣೆಯಲ್ಲಿ ಹೊಡೆದರು, ಮೇಲಧಿಕಾರಿಗೆ ಗೊತ್ತಾಗಿದ್ದು 2024ರ ಮಾರ್ಚ್‌ನಲ್ಲಿ ಅಂದುಕೊಳ್ಳಿ. ಕ್ಯಾಲಿಫೋರ್ನಿಯಾದ ಇಲಾಖೆಗೆ 2025ರ ಮಾರ್ಚ್ ತನಕ ಸಮಯ ಇರುತ್ತದೆ, ನಮ್ಮ ಆಯೋಗದ ಬಾಗಿಲು ಮಾತ್ರ 2023ರ ಜನವರಿಯಲ್ಲೇ ಮುಚ್ಚಿರುತ್ತದೆ. ಅಲ್ಲಿ ಗಡುವಿನ ಒತ್ತಡ ತನಿಖೆ ಮಾಡುವವರ ಮೇಲೆ, ಇಲ್ಲಿ ಏಟು ತಿಂದವರ ಮೇಲೆ. ಹೆದರಿಕೊಂಡು ಕೂತವರಿಗೆ, ಜೈಲಿನಲ್ಲೇ ಇರುವವರಿಗೆ ಒಂದು ವರ್ಷ ಯಾವ ಮೂಲೆಗೆ ಸಾಕು, ಅಲ್ವಾ? ನನಗಂತೂ ಇದು ಸರಿ ಅನ್ನಿಸಲ್ಲ.

ಇಲಾಖಾ ವಿಚಾರಣೆ ಬೇರೆ ದಾರಿ. ಪ್ರೇಮನಾಥ್ ಬಾಲಿ ಪ್ರಕರಣದಲ್ಲಿ (2015) ಸುಪ್ರೀಂ ಕೋರ್ಟ್, ನೌಕರರ ಮೇಲಿನ ವಿಚಾರಣೆಯನ್ನು ಆರು ತಿಂಗಳಲ್ಲಿ, ಆಗದಿದ್ದರೆ ಹೆಚ್ಚೆಂದರೆ ಒಂದು ವರ್ಷದಲ್ಲಿ ಮುಗಿಸಲು ಪ್ರಯತ್ನಿಸಿ ಎಂದಿತು. ಅದು ಪೊಲೀಸರ ಕೇಸಲ್ಲ, ಕೋರ್ಟ್ ಸಿಬ್ಬಂದಿಯದು.

ಕ್ರಿಮಿನಲ್ ಕೇಸನ್ನು ಇದರಲ್ಲಿ ಬೆರೆಸಬೇಡಿ. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಕ್ರಿಮಿನಲ್ ಕೇಸು ನಡೆಸುವ ವಿಧಾನದ ಕಾನೂನು) ಸೆಕ್ಷನ್ 514ರ ಕಾಲಮಿತಿ ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ. ತಪ್ಪೊಪ್ಪಿಸಲು ಹೊಡೆದು ಗಾಯ ಮಾಡಿದರೆ ಏಳು ವರ್ಷದವರೆಗೆ ಶಿಕ್ಷೆ ಇದೆ, ಹಾಗಾಗಿ ಆಯೋಗದ ಗಡುವು ಮುಗಿದ ಮೇಲೂ ಕೋರ್ಟಿಗೆ ಹೋಗಲು ಕಾಲಮಿತಿ ಅಡ್ಡ ಬರುವುದಿಲ್ಲ.