ಸುಕ್ಕಾಗದ ಅರ್ಧ ಬೆರಳು

ಜುಲೈ ತಿಂಗಳಲ್ಲಿ ತೀರ್ಥಹಳ್ಳಿ ಕಡೆ ಕ್ಲಿನಿಕ್ಕಿನಲ್ಲಿ ಕೂತರೆ, ಬಂದವರ ಕೈ ನೋಡಿಯೇ ಬೆಳಿಗ್ಗೆ ಎಲ್ಲಿದ್ದರು ಅಂತ ಹೇಳಬಹುದು. ಸಸಿ ನೆಟ್ಟಿ ಮಾಡಿ ಬಂದವರ ಬೆರಳ ತುದಿಗಳು ಉಪ್ಪಿನಲ್ಲಿ ಹಾಕಿಟ್ಟ ಮಾವಿನಮಿಡಿಯ ಹಾಗೆ ಚಿರುಟಿರುತ್ತವೆ.

ಕೆಲವು ವರ್ಷಗಳ ಹಿಂದೆ ಅಂಥದೇ ಕೈ ಹೊತ್ತು ಒಬ್ಬರು ಬಂದರು. ಬಂದಿದ್ದು ಜ್ವರಕ್ಕೆ. ಹೊರಡುವಾಗ ತೋರುಬೆರಳು ಮುಂದೆ ಚಾಚಿದರು. "ಡಾಕ್ಟ್ರೇ, ಎಲ್ಲಾ ಬೆರಳೂ ಮುದುಕಿ ಆಗ್ಯವೆ, ಇದೊಂದು ಮಾತ್ರ ಹರೇದ್ದು, ನೋಡಿ."

ನೋಡಿದೆ. ಹೆಬ್ಬೆರಳಿನ ಕಡೆಗಿನ ಅರ್ಧ ನುಣ್ಣಗಿತ್ತು. ಉಳಿದರ್ಧ ಸುಕ್ಕಾಗಿತ್ತು. ಗೆರೆ ಎಳೆದ ಹಾಗೆ ನಡುವೆ ಬೇರೆಯಾಗಿತ್ತು. ಬುಡದಲ್ಲಿ ಹಳೇ ಗಾಯದ ಗುರುತು. "ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ತಾಗಿತ್ತಾ?" ಅಂದೆ. ತಾಗಿತ್ತು. ಅರಿಶಿನ ಒತ್ತಿ ಬಟ್ಟೆ ಸುತ್ತಿದ್ದರು, ಗಾಯ ಮಾಯ್ದಿತ್ತು. ಕಣ್ಣು ಮುಚ್ಚಿಸಿ ಸೂಜಿ ಮುಟ್ಟಿಸಿದೆ. ಆ ಅರ್ಧಕ್ಕೆ ಏನೂ ಗೊತ್ತಾಗಲಿಲ್ಲ.

ಬೆರಳು ನೀರಲ್ಲಿ ಸುಕ್ಕಾಗುವುದು ಚರ್ಮ ನೀರು ಕುಡಿದು ಊದುವುದರಿಂದ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಹಾಗಿದ್ದರೆ ಆ ನುಣ್ಣಗಿನ ಅರ್ಧವೂ ಊದಬೇಕಿತ್ತು ಅಲ್ವಾ? ಅದೂ ಅದೇ ಗದ್ದೆಯಲ್ಲೇ ಇತ್ತಲ್ಲ. ಸುಕ್ಕು ಮಾಡುವುದು ನರ. ಆ ಅರ್ಧದ ನರ ಕತ್ತಿಗೆ ತುಂಡಾಗಿತ್ತು. ಬೆವರಿನ ರಂಧ್ರಗಳ ಮೂಲಕ ನೀರು ಸ್ವಲ್ಪ ಒಳಗೆ ಇಳಿಯುತ್ತದೆ. ನರ ಎಚ್ಚರಗೊಂಡು ಬೆರಳ ತುದಿಯ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ರಕ್ತ ಕಡಿಮೆಯಾದ ಕೂಡಲೇ ಒಳಗಿನ ತಿರುಳು ಕುಗ್ಗುತ್ತದೆ. ಮೇಲಿನ ಚರ್ಮ ಜಾಸ್ತಿಯಾಗಿ ಮಡಿಕೆ ಬೀಳುತ್ತದೆ. ಮಿಡಿ ಚಿರುಟುವುದೂ ಹೀಗೇ, ಒಳಗಿನದು ಖಾಲಿಯಾಗಿ. ನಮ್ಮ ಬೆರಳಿಗೆ ಉಪ್ಪು ಬೇಕಿಲ್ಲ ಅಷ್ಟೆ. ಇನ್ನೂ ಹೇಳಬೇಕೆಂದರೆ ಉಪ್ಪುನೀರಿನಲ್ಲಿ ಬೆರಳು ಸುಕ್ಕಾಗಲು ಜಾಸ್ತಿ ಹೊತ್ತು ಬೇಕು.

ನರ ಕೆಟ್ಟ ಬೆರಳು ಸುಕ್ಕಾಗುವುದಿಲ್ಲ ಅನ್ನುವುದನ್ನು ವೈದ್ಯರು 1936ರಲ್ಲೇ ಬರೆದಿಟ್ಟಿದ್ದರು. 1973ರಲ್ಲಿ ಅದು ಪರೀಕ್ಷೆಯೇ ಆಯಿತು: 40 ಡಿಗ್ರಿ ಬಿಸಿಯ ನೀರಲ್ಲಿ 30 ನಿಮಿಷ ಕೈ ಇಟ್ಟು ನೋಡುವುದು. ಯಂತ್ರ ಬೇಡ, ಕರೆಂಟ್ ಬೇಡ. ಮಳೆಗಾಲದ ಮಲೆನಾಡಿಗೆ ಹೇಳಿ ಮಾಡಿಸಿದ ಪರೀಕ್ಷೆ. ಮುಟ್ಟಿದ್ದು ಗೊತ್ತಾಯಿತಾ ಅಂತ ಹೇಳಲು ಬಾರದ ಪುಟ್ಟ ಮಕ್ಕಳಲ್ಲಿ ಇದು ತುಂಬ ಉಪಯೋಗ. ಮನೆಯಲ್ಲಿ ಸುಮ್ನೆ ಮಾಡಿ ನೋಡಬಹುದು. ಆದರೆ ಸಕ್ಕರೆ ಕಾಯಿಲೆಯವರು ಹಂಡೆ ನೀರಿಗೆ ನೇರ ಕೈ ಹಾಕಬೇಡಿ, ಬೇರೆಯವರ ಹತ್ತಿರ ಬಿಸಿ ನೋಡಿಸಿ. ಬಹಳ ವರ್ಷದ ಸಕ್ಕರೆ ಕಾಯಿಲೆಯಲ್ಲಿ ನರ ಸೋತು ಸುಕ್ಕೂ ಕಡಿಮೆ, ಬಿಸಿ ತಿಳಿಯುವುದೂ ಕಡಿಮೆ.

ದೇಹ ಯಾಕೆ ಹೀಗೆ ಮಾಡುತ್ತದೆ? 2013ರಲ್ಲಿ ಇಂಗ್ಲೆಂಡಿನಲ್ಲಿ ಜನರಿಗೆ ಒದ್ದೆ ಗೋಲಿಗಳನ್ನು ಎತ್ತಿಡಲು ಕೊಟ್ಟರು. ಬೆರಳು ಸುಕ್ಕಾಗಿದ್ದಾಗ ಬೇಗ ಮುಗಿಸಿದರು. ಟೈರಿನ ಗೆರೆಯ ಹಾಗೆ ಹಿಡಿತ ಕೊಡುತ್ತದೆ ಅಂದರು. ಮರುವರ್ಷ ಜರ್ಮನಿಯವರು ಮಾಡಿದಾಗ ವ್ಯತ್ಯಾಸವೇ ಸಿಗಲಿಲ್ಲ. ನನಗೆ ಹಿಡಿತದ ಮಾತೇ ಸರಿ ಅನ್ನಿಸುತ್ತದೆ. ಅಂಗೈ ಅಂಗಾಲು ಬಿಟ್ಟು ಬೇರೆಲ್ಲೂ ಹೀಗೆ ಆಗುವುದಿಲ್ಲವಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ ಹೊಯ್ಯುವ ಆಗುಂಬೆಯಲ್ಲಿ ಪಾಚಿಗಟ್ಟಿದ ಮೆಟ್ಟಿಲು ಇಳಿದವರಿಗೆ ಇದರ ಬೆಲೆ ಗೊತ್ತು.

ಇಷ್ಟೆಲ್ಲ ಹೇಳುತ್ತಿದ್ದಾಗ ಅವರ ಕಾಲಿನಿಂದ ನೆಲಕ್ಕೆ ರಕ್ತ ಇಳಿಯುತ್ತಿತ್ತು. ಇಂಬಳ, ಅಂದರೆ ನಮ್ಮ ಕಾಡಿನ ಜಿಗಣೆ, ಯಾವಾಗಲೋ ಕುಡಿದು ಉದುರಿ ಹೋಗಿತ್ತು. ಕಚ್ಚಿದ್ದು ಅವರಿಗೆ ತಿಳಿದೇ ಇರಲಿಲ್ಲ. ರಕ್ತ ನಿಲ್ಲದಿರುವುದು ಅದರ ಜೊಲ್ಲಿನಿಂದ. ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ವಸ್ತು ಅದರಲ್ಲಿದೆ. ಬಟ್ಟೆ ಒತ್ತಿ ಹಿಡಿಯಲು ಹೇಳಿದೆ. ಕಚ್ಚಿಕೊಂಡೇ ಇದ್ದರೆ ಉಪ್ಪು, ಹೊಗೆಸೊಪ್ಪು ಹಾಕಿ ಅದನ್ನು ಕಾರಿಸಬೇಡಿ. ಉಗುರಿನಿಂದ ಪಕ್ಕಕ್ಕೆ ಜಾರಿಸಿ, ಸಾಕು.

ಬೆರಳಿನ ನರ ತಾನಾಗಿ ಕೂಡಿಕೊಳ್ಳುವ ಹಾಗೆ ಕಾಣಲಿಲ್ಲ. ಶಿವಮೊಗ್ಗಕ್ಕೆ ಹೋಗಿ ಕೈ ಆಪರೇಷನ್ ಮಾಡುವವರಿಗೆ ತೋರಿಸಿ, ಜೋಡಿಸಿದ ಮೇಲೂ ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ, ತಾಳ್ಮೆ ಬೇಕು ಅಂದೆ. ಹೆದರಿದ ಹಾಗೆ ಕಂಡರು. ಮಾತು ತಿರುಗಿಸಲು ಇನ್ನೊಂದು ವಿಷಯ ಹೇಳಿದೆ. ಪೂರ್ತಿ ತುಂಡಾದ ಬೆರಳು ಜೋಡಿಸಿದಾಗ ಒಳಗೆ ಬಂದ ರಕ್ತ ವಾಪಸ್ ಹೋಗಲು ದಾರಿ ಸಿಗದೆ ಬೆರಳು ನೀಲಿಯಾಗುವುದುಂಟು. ಆಗ ದೊಡ್ಡ ಆಸ್ಪತ್ರೆಗಳಲ್ಲಿ ಅದಕ್ಕೆಂದೇ ಸಾಕಿದ ಜಿಗಣೆ ಬಿಡುತ್ತಾರೆ. ಅದು ಕಟ್ಟಿ ನಿಂತ ರಕ್ತ ಹೀರಿ ಬೆರಳು ಉಳಿಸುತ್ತದೆ. ನಮ್ಮ ಇಂಬಳದ ನೆಂಟನೇ.

ಅವರು ಕಾಲಿನ ಬಟ್ಟೆ ಒತ್ತಿಕೊಂಡೇ ಕೇಳಿದರು: "ಹಂಗಾರೆ ಅದಕ್ಕೂ ಫೀಸ್ ಕೊಡಬೇಕಾ ಡಾಕ್ಟ್ರೇ? ಇಲ್ಲಿದ್ದಿದ್ದು ಕೊಡದೇನೇ ತಗೊಂಡು ಹೋಯ್ತು."