ಸಾಧನಗಳು ಎರಡು, ಹೆಸರು ಒಂದು: ಜನಪದ ಮಾಂತ್ರಿಕತೆ ಮತ್ತು ಮಾರ್ಮನ್ ಪಂಥದ ಆರಂಭ

ಮಾರ್ಮನ್ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ 1805ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾಕ್ಕೆ ಬಂದವರು. ಹೂತಿಟ್ಟ ನಿಧಿಯನ್ನು ಭೂತಗಳು ಕಾಯುತ್ತವೆ, ಅಗೆಯುವಾಗ ವಿಧಿ ತಪ್ಪಿದರೆ ನಿಧಿ ನೆಲದಾಳಕ್ಕೆ ಜಾರುತ್ತದೆ ಎಂಬ ನಂಬಿಕೆ ಆ ಸೀಮೆಯ ಬೈಬಲ್ ಓದುವ ಮನೆಗಳಲ್ಲಿಯೂ ಇತ್ತು. 1822ರ ಸುಮಾರಿಗೆ ಬಾವಿ ತೋಡುವಾಗ ಸ್ಮಿತ್‌ಗೆ ಒಂದು ಕಲ್ಲು ಸಿಕ್ಕಿತು. ಅದನ್ನು ಟೋಪಿಯೊಳಗಿಟ್ಟು, ಬೆಳಕು ನುಸುಳದಂತೆ ಮುಖ ಹುದುಗಿಸಿ, ಅಂಜನ ಹಾಕಿ ನೋಡುವವರಂತೆ ಅಡಗಿದ್ದನ್ನು ಕಾಣಬಲ್ಲರೆಂಬ ಹೆಸರು ಅವರಿಗೆ ಬಂತು. 1825ರಲ್ಲಿ ಜೋಸೈಯಾ ಸ್ಟೋವೆಲ್ ಎಂಬ ರೈತ ಸ್ಪೇನಿನವರ ಬೆಳ್ಳಿಯ ಗಣಿಯನ್ನು ಹುಡುಕಿಸಲು ಅವರನ್ನು ಪೆನ್ಸಿಲ್ವೇನಿಯಾಕ್ಕೆ ಕರೆದೊಯ್ದರು. 1826ರ ಮಾರ್ಚ್‌ನಲ್ಲಿ ಸ್ಮಿತ್ ಮೇಲಿನ ಮೊಕದ್ದಮೆಗೆ ನ್ಯಾಯಾಧಿಕಾರಿ ಆಲ್ಬರ್ಟ್ ನೀಲಿ ಬರೆದ ವೆಚ್ಚಪಟ್ಟಿಯು ಅವರನ್ನು ‘ಗಾಜು ನೋಡುವವ’, ಅಂದರೆ ಕಲ್ಲಿನಲ್ಲಿ ಅಡಗಿದ್ದನ್ನು ಕಾಣುವವ, ಎಂದು ಕರೆಯುತ್ತದೆ.

ದೇವದೂತನೊಬ್ಬ ತೋರಿಸಿದನೆಂದು ಸ್ಮಿತ್ ಹೇಳಿದ, ಪ್ರಾಚೀನ ಬರಹವಿದ್ದ ಚಿನ್ನದ ಫಲಕಗಳು ಅವರಿಗೆ ದೊರೆತವೆನ್ನಲಾದದ್ದು 1827ರ ಸೆಪ್ಟೆಂಬರ್ 22ರಂದು; ಅವುಗಳ ಅನುವಾದವೆಂದು ಹೊರಬಂದ, ಪಂಥದ ಧರ್ಮಗ್ರಂಥ ‘ಬುಕ್ ಆಫ್ ಮಾರ್ಮನ್’ ಅಚ್ಚಾದದ್ದು 1830ರಲ್ಲಿ. ಇವೆರಡರ ನಡುವಿನ ‘ಅನುವಾದ’ದ ಬಳಿ ನಾನು ಬಹಳ ದಿನ ಎಡವಿದೆ. ಅನುವಾದದ ಸಾಧನ ಒಂದು ಹೇಳಿಕೆಯಲ್ಲಿ ‘ಊರೀಮ್ ತುಮ್ಮೀಮ್’ (ಬೈಬಲ್ಲಿನಲ್ಲಿ ದೇವರ ಇಚ್ಛೆಯನ್ನು ತಿಳಿಯಲು ಮಹಾಯಾಜಕ ಬಳಸುತ್ತಿದ್ದ ವಸ್ತುಗಳು), ಇನ್ನೊಂದರಲ್ಲಿ ಟೋಪಿಯೊಳಗಿನ ಕಲ್ಲು. ಇಬ್ಬರಲ್ಲಿ ಒಬ್ಬರು ಸುಳ್ಳಾಡಿರಬೇಕೆಂದೇ ಭಾವಿಸಿದ್ದೆ. ತೊಡಕು ಬಿಚ್ಚಿದ್ದು, ವಸ್ತುವನ್ನೂ ಅದರ ಹೆಸರನ್ನೂ ಬೇರೆ ಮಾಡಿದಾಗ. ವಸ್ತುಗಳು ಎರಡು. ಮೊದಲನೆಯದು, ಫಲಕಗಳ ಜೊತೆಗೇ ಸಿಕ್ಕಿತೆನ್ನಲಾದ, ಬೆಳ್ಳಿಯ ಚೌಕಟ್ಟಿನಲ್ಲಿ ಕೂರಿಸಿದ ಎರಡು ಪಾರದರ್ಶಕ ಕಲ್ಲುಗಳ ಕನ್ನಡಕ. ಎರಡನೆಯದು, ಫಲಕಗಳಿಗಿಂತ ವರ್ಷಗಳ ಹಿಂದೆಯೇ ಸ್ಮಿತ್ ಅವರ ಬಳಿಯಿದ್ದ, ನಿಧಿ ಹುಡುಕಲು ಬಳಸಿದ್ದ ಬಾವಿಯ ಕಲ್ಲು. ಸ್ಮಿತ್ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದ ಮಾರ್ಟಿನ್ ಹ್ಯಾರಿಸ್ 1828ರಲ್ಲಿ ಕಳೆದುಕೊಂಡ, ಅನುವಾದದ ಮೊದಲ 116 ಪುಟಗಳಿಗೆ ಮೊದಲನೆಯದನ್ನೂ, ಅನಂತರದ ಭಾಗಕ್ಕೆ ಗಾಢ ಬಣ್ಣದ ಚಿಕ್ಕ ಕಲ್ಲನ್ನೂ ಬಳಸಿದರೆಂದು ಪತ್ನಿ ಎಮ್ಮಾ 1870ರ ಪತ್ರದಲ್ಲಿ ಬರೆದಿದ್ದಾರೆ. ‘ಊರೀಮ್ ತುಮ್ಮೀಮ್’ ಎಂಬ ಬೈಬಲ್ಲಿನ ಹೆಸರು ಮಾರ್ಮನ್ನರ ಬರಹಗಳಲ್ಲಿ ಬಳಕೆಗೆ ಬಂದದ್ದು 1833ರ ಸುಮಾರಿಗೆ, ಅಂದರೆ ಪುಸ್ತಕ ಅಚ್ಚಾದ ಮೇಲೆ. ಕ್ರಮೇಣ ಅದು ಎರಡೂ ವಸ್ತುಗಳಿಗೆ ಅನ್ವಯಿಸಿತು. ಆದ್ದರಿಂದ ಯಾವುದೇ ಹೇಳಿಕೆಯಲ್ಲಿ ಈ ಹೆಸರು ಕಂಡರೆ, ಅದು ಯಾವ ವರ್ಷದ್ದೆಂದು ಮೊದಲು ನೋಡುತ್ತೇನೆ. ವರ್ಷ ತಿಳಿಯದೆ ವಸ್ತು ಯಾವುದೆಂದು ತೀರ್ಮಾನಿಸುವುದಿಲ್ಲ. ಕಂದು ಬಣ್ಣದ, ಮೊಟ್ಟೆಯಾಕಾರದ ಒಂದು ಕಲ್ಲಿನ ಛಾಯಾಚಿತ್ರವನ್ನು ಮಾರ್ಮನ್ ಚರ್ಚ್ 2015ರಲ್ಲಿ ತಾನೇ ಪ್ರಕಟಿಸಿತು.

ಲಿಪಿಕಾರ ಆಲಿವರ್ ಕೌಡರಿಯ ವಿಷಯದಲ್ಲಿಯೂ ಇದೇ ನಡೆದಿದೆ. ಸ್ಮಿತ್ ಮೂಲಕ ಅವರಿಗೆ ಬಂದಿತೆನ್ನಲಾದ ದೈವವಾಣಿಯ 1833ರ ಮುದ್ರಣದಲ್ಲಿ ‘ಕೋಲಿನಿಂದ ಕೆಲಸ ಮಾಡುವ ವರ’ ಎಂದಿದೆ. ಅದು ನೆಲದಡಿಯ ನೀರನ್ನೋ ಲೋಹವನ್ನೋ ತೋರಿಸುವ ಕೋಲೆಂದು ಇತಿಹಾಸಕಾರರು ಅರ್ಥೈಸುತ್ತಾರೆ. 1835ರ ಮುದ್ರಣದಲ್ಲಿ ಅದೇ ಸಾಲು ‘ಆರೋನನ ವರ’ವಾಗಿದೆ. ಊರೀಮ್ ತುಮ್ಮೀಮ್ ಇದ್ದದ್ದು ಮಹಾಯಾಜಕ ಆರೋನನ ಎದೆಪದಕದಲ್ಲಿ, ಮತ್ತು ಬೈಬಲ್ಲಿನ ವಿಮೋಚನಕಾಂಡದಲ್ಲಿ ಆರೋನನ ಕೈಯಲ್ಲಿಯೂ ಒಂದು ಕೋಲಿದೆ. ಕಲ್ಲು, ಕೋಲು ಎರಡೂ ಹೊಸ ಹೆಸರನ್ನು ಪಡೆದದ್ದು ಒಂದೇ ಮನೆಯಿಂದ.