ಜೆರ್ಸಿ ಮೇಲೆ ‘ಇಂಡಿಯಾ’, ತಂಡ ಮಾತ್ರ ಯಾರದೋ!

2020ರ ಫೆಬ್ರುವರಿ 16ರಂದು ಲಾಹೋರಿನಲ್ಲಿ ವೃತ್ತ ಕಬಡ್ಡಿ ವಿಶ್ವಕಪ್ ಫೈನಲ್ ನಡೆಯಿತು. ಪಾಕಿಸ್ತಾನ 43, ಭಾರತ 41. ಅಲ್ಲಿಯವರೆಗೆ ಈ ಕಪ್ ಭಾರತವನ್ನು ಬಿಟ್ಟು ಬೇರೆ ಯಾರ ಕೈಗೂ ಹೋಗಿರಲಿಲ್ಲ. ಎರಡು ಅಂಕಕ್ಕೆ ಸೋತರೆ ಹೊಟ್ಟೆ ಉರಿಯಬೇಕು ಅಲ್ವಾ? ದೆಹಲಿ ಮಾತ್ರ ಬೇರೆಯೇ ರಾಗ ಹಾಡುತ್ತಿತ್ತು. ಅದು ನಮ್ಮ ತಂಡವೇ ಅಲ್ಲ, ನಾವು ಯಾರನ್ನೂ ಕಳಿಸಿಲ್ಲ ಎಂದು ಕ್ರೀಡಾ ಸಚಿವಾಲಯ ಹೇಳಿತ್ತು. ಕಬಡ್ಡಿ ಫೆಡರೇಷನ್ ಕೂಡ ಅದನ್ನೇ ಹೇಳಿತು. ಅಷ್ಟರಲ್ಲಿ ಆಟಗಾರರು ವಾಘಾ ಗಡಿ ದಾಟಿ ಹೋಗಿ, ಇಡೀ ಟೂರ್ನಿ ಆಡಿ ಮುಗಿಸಿದ್ದರು.

ಇದು ಹೇಗೆ ಸಾಧ್ಯವಾಯಿತು ಅಂತ ತಿಳಿಯಲು ಮೊದಲು ಆಟ ನೋಡಬೇಕು. ನಾವು ಟಿವಿಯಲ್ಲಿ ಬೆಂಗಳೂರು ಬುಲ್ಸ್ ಆಡುವುದನ್ನು ನೋಡುತ್ತೇವಲ್ಲ, ಆ ಕಬಡ್ಡಿ ಇದಲ್ಲ. ಅಲ್ಲಿ ಆಯತದ ಅಂಗಳ, ಏಳು ಜನ, ಸಿಕ್ಕಿಬಿದ್ದವನು ಹೊರಗೆ. ಇಲ್ಲಿ ಅಂಗಳ ದುಂಡಗೆ, ಸುಮಾರು 22 ಮೀಟರ್ ಅಗಲ. ನಡುವಿನ ಗೆರೆಯಲ್ಲಿ ‘ಪಾಲಾ’ ಎಂಬ ಬಾಗಿಲು. ದಾಳಿಗಾರ ಅದರೊಳಗಿಂದ ಹೋಗಿ ಅದರೊಳಗಿಂದಲೇ ವಾಪಸ್ ಬರಬೇಕು. ಅದಕ್ಕೆ ಅವನಿಗಿರುವುದು 30 ಸೆಕೆಂಡ್. ಎದುರಿಗೆ ನಿಂತವರನ್ನು ‘ಜಾಫಿ’ ಅನ್ನುತ್ತಾರೆ. ಪಂಜಾಬಿಯಲ್ಲಿ ಜಾಫಿ ಅಂದರೆ ಅಪ್ಪುಗೆ. ಹೆಸರು ಮುದ್ದಾಗಿದೆ, ಅಪ್ಪುಗೆ ಮುದ್ದಾಗಿರುವುದಿಲ್ಲ! ಒಬ್ಬನನ್ನು ಮುಟ್ಟಿದ ಮೇಲೆ ಜಗಳ ಅವರಿಬ್ಬರದೇ, ಉಳಿದವರು ಕೈ ಹಾಕುವಂತಿಲ್ಲ. ಯಾರೂ ಔಟಾಗಿ ಹೊರಗೆ ಕೂರುವುದೂ ಇಲ್ಲ, ಬರೀ ಅಂಕ ಎಣಿಕೆ. ಹಾಗಾಗಿ ಇದು ಅರ್ಧ ಕಬಡ್ಡಿ, ಅರ್ಧ ಕುಸ್ತಿ.

ಹಳೇ ಪಂಜಾಬಿನ ಹಳ್ಳಿಗಳ ಆಟ ಇದು. 1947ರಲ್ಲಿ ಪಂಜಾಬ್ ಎರಡು ಹೋಳಾಯಿತು, ಆಟ ಎರಡೂ ಕಡೆ ಉಳಿಯಿತು. ಕೆಲಸ ಹುಡುಕಿ ಇಂಗ್ಲೆಂಡ್, ಕೆನಡಾಕ್ಕೆ ಹೋದವರು ಅಲ್ಲಿಗೂ ಒಯ್ದರು. ಊರಿನ ಜಾತ್ರೆಯಲ್ಲಿ, ಗುರುದ್ವಾರದ ಹಬ್ಬದಲ್ಲಿ ಆಡುತ್ತಿದ್ದ ಈ ಆಟಕ್ಕೆ ಕ್ಲಬ್‌ಗಳಿದ್ದವು, ದುಡ್ಡು ಕೊಡುವ ಅನಿವಾಸಿಗಳಿದ್ದರು. ಇಲ್ಲದಿದ್ದದ್ದು ಒಂದೇ, ಎಲ್ಲರೂ ಒಪ್ಪುವ ಒಬ್ಬ ಯಜಮಾನ.

ಆ ಜಾಗಕ್ಕೆ 2010ರಲ್ಲಿ ಭಾರತದ ಪಂಜಾಬ್ ಸರ್ಕಾರ ಬಂದು ಕುಳಿತು, ಈ ವಿಶ್ವಕಪ್ ಶುರು ಮಾಡಿತು. ಆಗ ಅಕಾಲಿ ದಳ–ಬಿಜೆಪಿ ಸರ್ಕಾರ, ಉಪ ಮುಖ್ಯಮಂತ್ರಿ ಸುಖಬೀರ್ ಸಿಂಗ್ ಬಾದಲ್. ಗೆದ್ದವರಿಗೆ ಒಂದು ಕೋಟಿ ರೂಪಾಯಿ ಬಹುಮಾನ. ಹಳ್ಳಿ ಆಟಕ್ಕೆ ಅಷ್ಟು ದುಡ್ಡು ಯಾರೂ ಕಂಡಿರಲಿಲ್ಲ. ಲೂಧಿಯಾನದ ಫೈನಲ್‌ನಲ್ಲಿ ಭಾರತ ಪಾಕಿಸ್ತಾನವನ್ನು 58–24ರಿಂದ ಸೋಲಿಸಿತು. ಮರುವರ್ಷ ಬಹುಮಾನ ಎರಡು ಕೋಟಿಯಾಯಿತು, ಉದ್ಘಾಟನೆಗೆ ಶಾರುಖ್ ಖಾನ್ ಬಂದು ಕುಣಿದರು, ಹೆಣ್ಣುಮಕ್ಕಳ ಕಪ್ಪೂ ಶುರುವಾಯಿತು. ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಹತ್ತಾರು ಆಟಗಾರರು ಸಿಕ್ಕಿಬಿದ್ದದ್ದೂ ಅದೇ ವರ್ಷ.

‘ರಾಷ್ಟ್ರೀಯ ತಂಡ’ ಅನ್ನುವ ಮಾತು ಸಡಿಲವಾಗಿದ್ದು ಇಲ್ಲೇ ಅಂತ ನನಗನ್ನಿಸುತ್ತದೆ. ಕೆನಡಾ, ಇಂಗ್ಲೆಂಡ್, ಅಮೆರಿಕದ ಜೆರ್ಸಿ ತೊಟ್ಟವರಲ್ಲಿ ಪಂಜಾಬಿ ಮನೆಯ ಹುಡುಗರೇ ಜಾಸ್ತಿ. ಇರಾನ್, ಅರ್ಜೆಂಟೀನಾ, ಸಿಯೆರಾ ಲಿಯೋನ್ ಕೂಡ ಬಂದು ಆಡಿದವು, ನಿಜ. ಆದರೆ ಇಷ್ಟೆಲ್ಲ ದೇಶಗಳನ್ನು ಕರೆದು ಕಪ್ ನಡೆಸುತ್ತಿದ್ದದ್ದು ಒಂದು ರಾಜ್ಯ ಸರ್ಕಾರ.

ಸರ್ಕಾರ ನಡೆಸಿದರೆ ರಾಜಕೀಯ ದೂರ ಇರುತ್ತದೆಯೇ? 2014ರ ಫೈನಲ್ ನಡೆದದ್ದು ಮುಖ್ಯಮಂತ್ರಿಗಳ ಸ್ವಂತ ಊರು ಬಾದಲ್‌ನಲ್ಲಿ. ಭಾರತ 45–42ರಿಂದ ಗೆದ್ದಿತು. ಅಂಪೈರ್‌ಗಳು ಮೋಸ ಮಾಡಿದರು ಎಂದು ಪಾಕಿಸ್ತಾನದವರು ಕೂಗಾಡಿದರು. 2015ರಲ್ಲಿ ಸಿಖ್ಖರ ಧರ್ಮಗ್ರಂಥ ಗುರು ಗ್ರಂಥ ಸಾಹಿಬ್‌ಗೆ ಅಪಮಾನವಾದ ಘಟನೆಗಳಿಂದ ಪಂಜಾಬ್ ಕುದಿಯಿತು, ಟೂರ್ನಿ ರದ್ದಾಯಿತು. 2016ರಲ್ಲಿ ಕಾಶ್ಮೀರದ ಉರಿ ಸೇನಾ ನೆಲೆಯ ಮೇಲಿನ ದಾಳಿಯ ನಂತರ ಪಾಕಿಸ್ತಾನಕ್ಕೆ ಕರೆಯೇ ಹೋಗಲಿಲ್ಲ. ಫೈನಲ್ ಸುಖಬೀರ್ ಅವರ ಕ್ಷೇತ್ರ ಜಲಾಲಾಬಾದ್‌ನಲ್ಲಿ. ಚುನಾವಣೆಗೆ ಕೆಲವೇ ತಿಂಗಳು ಬಾಕಿ ಇತ್ತು, ಸುಮ್ನೆ ನೆನಪಿಸಿದೆ ಅಷ್ಟೆ. ಭಾರತ ಇಂಗ್ಲೆಂಡನ್ನು 62–20ರಿಂದ ಸೋಲಿಸಿತು. 2017ರಲ್ಲಿ ಸರ್ಕಾರ ಬದಲಾಯಿತು, ಕಪ್ಪೂ ನಿಂತಿತು. 2019ರ ಕೊನೆಗೆ ಗುರುನಾನಕರ 550ನೇ ಜಯಂತಿಗೆಂದು ಹೊಸ ಸರ್ಕಾರ ಒಂದು ಅಂತರರಾಷ್ಟ್ರೀಯ ಟೂರ್ನಿ ನಡೆಸಿತು. ಆದರೆ ಅದನ್ನು ವಿಶ್ವಕಪ್ ಎಂದು ಕರೆಯಲಿಲ್ಲ.

ಖಾಲಿಯಾದ ಆ ಹೆಸರನ್ನು 2020ರಲ್ಲಿ ಎತ್ತಿಕೊಂಡದ್ದು ಗಡಿಯಾಚೆಯ ಪಂಜಾಬ್. ಲಾಹೋರ್, ಫೈಸಲಾಬಾದ್, ಗುಜರಾತ್ ಪಟ್ಟಣಗಳಲ್ಲಿ ಪಂದ್ಯಗಳು ನಡೆದವು. ಈ ಗುಜರಾತ್ ಪಾಕಿಸ್ತಾನದ್ದು, ಗಾಬರಿ ಬೇಡ. ಭಾರತದಿಂದ ಹೋದವರು ಹೊಸದೇನೂ ಮಾಡಿದ ಹಾಗೆ ನನಗೆ ಕಾಣುವುದಿಲ್ಲ. ಆಟಗಾರ ಕರೆದ ಕಡೆ ಹೋಗಿ ಆಡುವುದು ಈ ಆಟದ ಹಳೇ ರೂಢಿ. ಬೆನ್ನ ಮೇಲೆ ದೇಶದ ಹೆಸರು ಹಾಕಿಕೊಂಡಾಗ ಮಾತ್ರ ಅನುಮತಿಯ ಪ್ರಶ್ನೆ ಏಳುತ್ತದೆ. 2020ರಲ್ಲಿ ಭಾರತದ ಫೆಡರೇಷನ್ ಕೇಳಿದ ಪ್ರಶ್ನೆಯೂ ಅದೇ.

2025ರ ಡಿಸೆಂಬರ್‌ನಲ್ಲಿ ಕನ್ನಡಿ ತಿರುಗಿತು. ಬಹರೇನ್‌ನಲ್ಲಿ ಒಂದು ಖಾಸಗಿ ಟೂರ್ನಿ. ಆಯೋಜಕರು ತಂಡಗಳಿಗೆ ಭಾರತ, ಪಾಕಿಸ್ತಾನ, ಕೆನಡಾ ಅಂತ ಹೆಸರಿಟ್ಟಿದ್ದರು. ಪಾಕಿಸ್ತಾನದ ಹೆಸರಾಂತ ಆಟಗಾರನೊಬ್ಬ ಅಲ್ಲಿ ಭಾರತದ ಜೆರ್ಸಿ ತೊಟ್ಟು ಆಡಿದ. ವಿಡಿಯೋ ಎಲ್ಲ ಕಡೆ ಹರಿದಾಡಿತು. ಅವನು ಕ್ಷಮೆ ಕೇಳಿದ. ಈ ಸಲ ‘ನಮ್ಮ ಅನುಮತಿ ಇರಲಿಲ್ಲ’ ಎಂದದ್ದು ಪಾಕಿಸ್ತಾನದ ಫೆಡರೇಷನ್. ಅದು ಅವನ ಮೇಲೆ ನಿಷೇಧ ಹೇರಿತು.